ಅಕ್ಕನ ಸ್ಲೀವ್ ಆಪರೇಷನ್ ಫಲ ಕೊಟ್ಟಿದೆಯೇ? ಆಸ್ಪತ್ರೆಯವರು 54% ಅನ್ನುತ್ತಾರೆ, ಆ್ಯಪ್ 49% ತೋರಿಸುತ್ತಿದೆ

ಜಠರದ ಬಹುಭಾಗ ಕತ್ತರಿಸಿ ತೂಕ ಇಳಿಸುವ ಆಪರೇಷನ್ ಸ್ಲೀವ್; ಇರಬೇಕಾದದ್ದಕ್ಕಿಂತ ಹೆಚ್ಚಾಗಿದ್ದ ತೂಕದಲ್ಲಿ ಎಷ್ಟು ಪಾಲು ಹೋಯಿತು ಎನ್ನುವುದೇ ಈ ಶೇಕಡಾ. ಎರಡು ಲೆಕ್ಕವೂ ಸರಿಯೇ. ನಿಮ್ಮ ಅಕ್ಕನ ಎತ್ತರ 160 ಸೆಂ.ಮೀ., ಆಪರೇಷನ್‌ಗೆ ಮುಂಚೆ 112 ಕೆ.ಜಿ., ಎಂಟು ತಿಂಗಳಾದ ಮೇಲೆ 86 ಎಂದು ಬರೆದಿದ್ದೀರಿ. ಇಳಿದದ್ದು 26 ಕೆ.ಜಿ. ಆಸ್ಪತ್ರೆಯವರು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25ನ್ನು ಸರಿಯಾದ ತೂಕವೆಂದು ಹಿಡಿದಿರಬೇಕು: ಈ ಎತ್ತರಕ್ಕೆ 64 ಕೆ.ಜಿ., ಹೆಚ್ಚುವರಿ 48, ಅದರಲ್ಲಿ 26 ಹೋದರೆ 54%. ಆ್ಯಪ್ ಏಷ್ಯಾದವರಿಗೆ ಹೇಳುವ 23ನ್ನು ಹಿಡಿದಿದೆ. ಆಗ ಸರಿಯಾದ ತೂಕ 59, ಹೆಚ್ಚುವರಿ 53, ಉತ್ತರ 49%. ಹೆಚ್ಚುವರಿಯ ಅರ್ಧ ಹೋಗದಿದ್ದರೆ ಫೇಲ್ ಎನ್ನುವ ಹಳೇ ಗೆರೆಯನ್ನೇ ನಂಬಿದರೆ ಅದೇ ಅಕ್ಕ ಒಂದು ಕಡೆ ಪಾಸು, ಇನ್ನೊಂದು ಕಡೆ ಫೇಲು!

ಅದಕ್ಕೇ ನಾನು ಮೊದಲು ನೋಡುವುದು ಒಟ್ಟು ತೂಕದಲ್ಲಿ ಎಷ್ಟು ಪಾಲು ಇಳಿಯಿತು ಎಂಬುದನ್ನು. 112ರಲ್ಲಿ 26 ಅಂದರೆ 23%. ಸ್ಲೀವ್ ಆದವರಲ್ಲಿ ವರ್ಷದ ಹೊತ್ತಿಗೆ ಸುಮಾರು 25% ಇಳಿಯಬೇಕು ಎಂಬುದು ನಿರೀಕ್ಷೆ. ಆ ಲೆಕ್ಕದಲ್ಲಿ ಚೆನ್ನಾಗಿಯೇ ಇದ್ದಾರೆ. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ತೂಕ ತಳ ಮುಟ್ಟುತ್ತದೆ, ಆಮೇಲೆ ಎರಡು ಮೂರು ಕಿಲೋ ವಾಪಸ್ ಬಂದರೆ ಗಾಬರಿ ಬೇಡ. ತೂಕ ಮಾತ್ರ ಒಂದೇ ಮೆಷಿನ್ನಿನಲ್ಲಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ನೋಡಿ. ಮನೆಯದು, ಗೋಣಿಕೊಪ್ಪದ ಕ್ಲಿನಿಕ್ಕಿನದು, ಮೈಸೂರಿನದು ಎಲ್ಲ ಬೆರೆಸಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ.

'ಶುಗರ್ ಹೋಗಿದೆ' ಅಂದಿದ್ದೀರಿ, ಆದರೆ ರಾತ್ರಿ ಒಂದು ಶುಗರ್ ಮಾತ್ರೆ, ಮೆಟ್‌ಫಾರ್ಮಿನ್ ನಡೆಯುತ್ತಿದೆ. ಹಾಗಿದ್ದರೆ ಅದು ಹತೋಟಿಗೆ ಬಂದಿದೆ ಅಷ್ಟೇ. ಮಾತ್ರೆ ಪೂರ್ತಿ ಬಿಟ್ಟು ಕನಿಷ್ಠ ಮೂರು ತಿಂಗಳಾದ ಮೇಲೂ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಹೋಗಿದೆ ಅನ್ನಬಹುದು, ಅದೂ ವರ್ಷಕ್ಕೊಮ್ಮೆ ನೋಡಿಕೊಂಡು. ಮಾತ್ರೆ ಬಿಡುವುದು ಡಾಕ್ಟರನ್ನು ಕೇಳಿಯೇ. ಇಲ್ಲೊಂದು ತೊಡಕಿದೆ: ರಕ್ತದಲ್ಲಿ ಕಬ್ಬಿಣ ಕಮ್ಮಿಯಾದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಬರಿಹೊಟ್ಟೆಯ ಶುಗರ್ ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಜೊತೆಗಿಟ್ಟು ಓದಬೇಕು.

ಬಿಪಿ ಮಾತ್ರೆ ಹಳೇ ಡೋಸಿನಲ್ಲೇ ಇದ್ದು, ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ ಡೋಸ್ ಇಳಿಸಬೇಕಾಗಿರಬಹುದು. ಎದೆಯುರಿ ಹೊಸದಾಗಿ ಶುರುವಾಗಿದ್ದರೂ ಹೇಳಿ, ಸ್ಲೀವ್‌ನಲ್ಲಿ ಅದು ಬರುವುದುಂಟು.

ಇಷ್ಟೆಲ್ಲ ಸರಿಯಿದ್ದೂ ಕೆಡುವುದು ರಕ್ತದ ರಿಪೋರ್ಟಿನಲ್ಲಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನ್), ಅಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್): ಮೊದಲ ವರ್ಷ 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ, ಜೀವನಪೂರ್ತಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೊಡಗಿನಲ್ಲಿ ಕುಳಿತು ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಒಂದೆರಡು ಗಂಟೆ ಅಂತರವಾದರೂ ಇರಲಿ. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ಅಷ್ಟೇ ಅಂತರ.

ಊಟದಲ್ಲಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ತಟ್ಟೆಯಲ್ಲಿ ಮಾಂಸ, ಮೊಟ್ಟೆ, ಪನೀರ್ ಮೊದಲು. ಕಡಂಬುಟ್ಟು, ಅಕ್ಕಿರೊಟ್ಟಿ ಕೊನೆಗೆ, ಜಾಗ ಉಳಿದರೆ. ಹುತ್ತರಿಯಲ್ಲೋ ಮದುವೆಮನೆಯಲ್ಲೋ ಪೆಗ್ ಹಾಕುವ ರೂಢಿಯಿದ್ದರೆ ಹುಷಾರು, ಮೊದಲಿಗಿಂತ ಬೇಗ, ಜೋರಾಗಿ ಏರುತ್ತದೆ.

ಒಂದನ್ನು ಮಾತ್ರ ಮರೆಯಬೇಡಿ. ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಬಿ1, ಅಂದರೆ ಥಯಾಮಿನ್, ಕೆಲವೇ ವಾರದಲ್ಲಿ ಖಾಲಿಯಾಗುತ್ತದೆ. ಆಗ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು. ನಡೆಯುವಾಗ ತೂರಾಡುವುದು, ಒಂದು ಎರಡಾಗಿ ಕಾಣುವುದು, ಮಾತು ಗಲಿಬಿಲಿಯಾಗುವುದು ಅದರ ಲಕ್ಷಣ. ಮಳೆಗಾಲದಲ್ಲಿ ಮೈಸೂರಿಗೆ ಹೋಗಲಾಗದೆ ಹತ್ತಿರದ ಕ್ಲಿನಿಕ್ಕಿಗೆ ಓಡುವ ಸಂದರ್ಭ ಬರಬಹುದು. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮೊಬೈಲಿನಲ್ಲಿರಲಿ, ಡ್ರಿಪ್ ಹಾಕುವ ಮುಂಚೆಯೇ ಡಾಕ್ಟರಿಗೆ ತೋರಿಸಿ, ಥಯಾಮಿನ್ ಮೊದಲು ಕೊಡಿ ಎಂದು ಬಾಯಿಬಿಟ್ಟು ಕೇಳಿ.