ನುಣುಪೊಂದೇ ಸಾಲದು: ಅಲ್ಯೂಮಿನಾ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು ಅಚ್ಚಿನಲ್ಲಿ ಬಿಲ್ಲೆಯಾಗಿ ಒತ್ತಿ, ಕುಲುಮೆಯಲ್ಲಿ ಸುಟ್ಟು ಗಟ್ಟಿಯಾಗಿಸುವುದರ ಬಗ್ಗೆ ತೀರ್ಥಹಳ್ಳಿಯಿಂದ ನೀವು ಕಳುಹಿಸಿದ ‘ಬಿಳಿ ಪುಡಿಯಿಂದ ಬಿಳಿ ಕಲ್ಲಿಗೆ’ ಲೇಖನವನ್ನು ಶಿವಮೊಗ್ಗದ ನಮ್ಮ ಕಚೇರಿಯಲ್ಲಿ ಗಮನವಿಟ್ಟು ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ಚೊಕ್ಕವಾಗಿದೆ; ತೊಡಕಿರುವುದು ವಾದದಲ್ಲಿ. ‘ಹಿಟ್ಟು ನುಣ್ಣಗಿದ್ದಷ್ಟೂ ಕಡುಬು ಚೆನ್ನ, ಅಲ್ಯೂಮಿನಾವೂ ಹಾಗೆಯೇ’ ಎಂದು ಮೊದಲ ಪುಟದಲ್ಲೇ ತೀರ್ಪು ಕೊಟ್ಟಿದ್ದೀರಿ. ಮಲೆನಾಡಿನ ಕಡುಬಿಗೆ ಬೇಕಾದದ್ದು ಅಕ್ಕಿ ತರಿ ಎಂಬುದನ್ನು ನಿಮ್ಮ ಮನೆಯವರೇ ಹೇಳಿಯಾರು.

ಸಣ್ಣ ಕಣ ಕುಲುಮೆಗೆ ಅನುಕೂಲ, ಅಚ್ಚಿಗೆ ಪ್ರತಿಕೂಲ. ಲೇಖನ ನಿಲ್ಲಬೇಕಾದದ್ದು ಈ ಜಗ್ಗಾಟದ ಮೇಲೆ. ಸುಮಾರು 2050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಅಲ್ಯೂಮಿನಾ 1600 ಡಿಗ್ರಿಯ ಆಸುಪಾಸಿನಲ್ಲಿ, ಕರಗದೆಯೇ, ಬೆಸೆದು ಗಟ್ಟಿಯಾಗುತ್ತದೆ. ಕಣ ಕಿರಿದಾದಷ್ಟೂ ಮೇಲ್ಮೈ ಶಕ್ತಿ ಹೆಚ್ಚಿ, ಪರಮಾಣುಗಳು ಸಾಗಬೇಕಾದ ದೂರ ತಗ್ಗಿ, ಇನ್ನೂ ಕಡಿಮೆ ಶಾಖ ಸಾಕಾಗುತ್ತದೆ. ಇಷ್ಟನ್ನು ನೀವು ಸರಿಯಾಗಿಯೇ ಬರೆದಿದ್ದೀರಿ. ಆದರೆ ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಪುಡಿ ಅಚ್ಚಿನೊಳಗೆ ಸರಾಗವಾಗಿ ಹರಿಯುವುದಿಲ್ಲ. ಒತ್ತಿದರೂ ಉಜ್ಜಾಟದಿಂದಾಗಿ ಒತ್ತಡ ಎಲ್ಲೆಡೆ ಸಮನಾಗಿ ತಲುಪುವುದಿಲ್ಲ. ಆದ್ದರಿಂದಲೇ ಅದನ್ನು ನೀರು ಮತ್ತು ಅಂಟಿನೊಡನೆ ಕಲಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿ, ಸುಮಾರು 100 ಮೈಕ್ರಾನಿನ ದುಂಡನೆಯ ಗುಳಿಗೆಗಳನ್ನಾಗಿ ಮಾಡಿಕೊಳ್ಳುತ್ತಾರೆ. ಈ ಗುಳಿಗೆಗಳು ಅಚ್ಚಿನಲ್ಲಿ ಒತ್ತಿದಾಗ ಒಡೆದು ಒಂದಾಗಬೇಕು. ಒಡೆಯದ ಗಟ್ಟಿ ಗಂಟೊಂದು ಉಳಿಯಿತೆನ್ನಿ: ಅದು ಸುತ್ತಲಿನ ಪುಡಿಗಿಂತ ಬೇಗ ಕುಗ್ಗಿ, ತನ್ನ ಅಂಚಿನಲ್ಲಿ ಬಿರುಕಿನಂಥ ಸೀಳನ್ನು ಬಿಡುತ್ತದೆ, ಆಮೇಲೆ ಎಷ್ಟು ಹೊತ್ತು ಕಾಯಿಸಿದರೂ ಅದು ಸುಲಭಕ್ಕೆ ಮುಚ್ಚುವುದಿಲ್ಲ, ಮತ್ತು ಭಾರ ಬಿದ್ದಾಗ ವಸ್ತು ಒಡೆಯುವುದು ಬಹುಮಟ್ಟಿಗೆ ಇಂಥ ಕಡೆಯಿಂದಲೇ. ನಿಮ್ಮ ಲೇಖನದಲ್ಲಿ ಈ ಗಂಟಿನ ಸುಳಿವೇ ಇಲ್ಲ.

‘ಬಿಲ್ಲೆ ಸ್ವಲ್ಪ ಕುಗ್ಗುತ್ತದೆ’ ಎಂದಿದ್ದೀರಿ. ಸ್ವಲ್ಪವೇ? ಒತ್ತಿದ ಬಿಲ್ಲೆಯ ಗಾತ್ರದಲ್ಲಿ ಶೇ. 55ರಷ್ಟು ಮಾತ್ರ ಅಲ್ಯೂಮಿನಾ, ಉಳಿದದ್ದು ಕಣಗಳ ನಡುವಿನ ಖಾಲಿ ಜಾಗ ಆಗಿದ್ದು, ಸುಟ್ಟ ಮೇಲೆ ಅದು ಶೇ. 99ಕ್ಕೆ ಏರಿದರೆ, 100 ಮಿಲಿಮೀಟರ್ ಅಗಲದ ಬಿಲ್ಲೆ ಸುಮಾರು 82ಕ್ಕೆ ಇಳಿಯುತ್ತದೆ, ಶೇ. 60ರಿಂದ ಹೊರಟರೆ ಸುಮಾರು 85 ಉಳಿಯುತ್ತದೆ. ಅಚ್ಚನ್ನು ದೊಡ್ಡದಾಗಿ ಏಕೆ ಕಡೆಯುತ್ತಾರೆ, ಒಂದೇ ಬಿಲ್ಲೆಯ ಎರಡು ಬದಿಗಳಲ್ಲಿ ಪುಡಿ ಬೇರೆಬೇರೆ ಒತ್ತಾಗಿ ಕೂತರೆ ಅದೇಕೆ ಸೊಟ್ಟಗಾಗುತ್ತದೆ ಎಂಬುದೆಲ್ಲ ಈ ಲೆಕ್ಕದಿಂದಲೇ ಓದುಗರಿಗೆ ಹೊಳೆಯುತ್ತದೆ.

ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವ ಬೇಯರ್ ವಿಧಾನದ ಚರಿತ್ರೆಯನ್ನು ಒಂದು ಪ್ಯಾರಾಕ್ಕೆ ಇಳಿಸಿ. ಬಾಕ್ಸೈಟನ್ನು ಕರಗಿಸುವ ಕಾಸ್ಟಿಕ್ ಸೋಡಾದ ಶೇಷ ಪುಡಿಯಲ್ಲಿ ಉಳಿದು, ವಿದ್ಯುತ್ ನಿರೋಧಕ ಗುಣವನ್ನು ಕೆಡಿಸುತ್ತದೆಂಬುದಷ್ಟೇ ಇಲ್ಲಿ ಮುಖ್ಯ. ಆದರೆ ವಿಜ್ಞಾನಿ ರಾಬರ್ಟ್ ಕೋಬಲ್ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಅನ್ಯಾಯ. 1950ರ ದಶಕದ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ ಅವರು ಚಿಟಿಕೆಯಷ್ಟು ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಬೆರೆಸಿ ರಂಧ್ರಗಳನ್ನು ಬಹುತೇಕ ತೊಲಗಿಸಿದರು. ಬೆಳಕು ಹಾಯುವ ಆ ಅಲ್ಯೂಮಿನಾ ಕೊಳವೆಯೇ ಬೀದಿಯ ಹಳದಿ ಸೋಡಿಯಂ ದೀಪಗಳ ಒಳಗಿದ್ದದ್ದು. ಲೇಖನವನ್ನು ಅಲ್ಲಿಂದ ಆರಂಭಿಸಿ, ಗಂಟಿನ ಭಾಗವನ್ನು ನಡುವೆ ಸೇರಿಸಿ, ಅರ್ಧಕ್ಕೆ ಇಳಿಸಿ ಕಳುಹಿಸಿದರೆ ಮತ್ತೆ ಪರಿಶೀಲಿಸುತ್ತೇವೆ.

ಇಂತಿ,
ಸಂಪಾದಕ