ಸೋಷಿಯಲ್ ಮೀಡಿಯಾ ಕಂಪನಿ ನನ್ನ ಪೋಸ್ಟ್ ತೆಗೆದರೆ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಂತೆ ಅಲ್ವಾ?

ಸಾಮಾನ್ಯವಾಗಿ ಅಲ್ಲ. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ಕಂಪನಿಯದ್ದಲ್ಲ. ಖಾತೆ ತೆರೆಯುವಾಗ ಓದದೆಯೇ ‘ಒಪ್ಪಿದೆ’ ಎಂದು ಒತ್ತುತ್ತೇವಲ್ಲ, ಅಲ್ಲಿ ನಡೆಯುವುದು ಆ ಷರತ್ತುಗಳೇ. ಅದೇ ಪೋಸ್ಟ್‌ಗೆ ಪೊಲೀಸರು ಕೇಸ್ ಹಾಕಿದರೆ ಮಾತು ಬೇರೆ. 2015ರಲ್ಲಿ ಸುಪ್ರೀಂ ಕೋರ್ಟ್ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್, ಅಂದರೆ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದರೆ ಜೈಲು ಎನ್ನುತ್ತಿದ್ದ ಸೆಕ್ಷನ್, ರದ್ದು ಮಾಡಿದ್ದು 19(1)(ಎ) ಆಧಾರದ ಮೇಲೆಯೇ.

ಆದರೆ 2023ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಕೌಶಲ್ ಕಿಶೋರ್ ತೀರ್ಪಿನಲ್ಲಿ, ಸರ್ಕಾರವಲ್ಲದವರ ವಿರುದ್ಧವೂ ಈ ಹಕ್ಕು ಜಾರಿ ಮಾಡಬಹುದು ಎಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದರು. ಹಾಗಂತ ಪೋಸ್ಟ್ ಹೋದಾಗಲೆಲ್ಲ ಹೈಕೋರ್ಟ್ ನಮ್ಮ ಪರ ಆದೇಶ ಕೊಡುತ್ತದೆ ಅಂತಲ್ಲ.

ನಮ್ಮಂಥವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು 2021ರ ಐಟಿ ನಿಯಮಗಳು. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಕಂಪನಿ ತಾನಾಗಿಯೇ ಪೋಸ್ಟ್ ತೆಗೆದರೆ ಕಾರಣ ತಿಳಿಸಬೇಕು, ನಮ್ಮ ತಕರಾರು ಕೇಳಬೇಕು. ‘ಕಮ್ಯುನಿಟಿ ಗೈಡ್‌ಲೈನ್ಸ್ ಉಲ್ಲಂಘನೆ’ ಎಂಬ ಒಂದೇ ಸಾಲು ನನ್ನ ಪ್ರಕಾರ ಕಾರಣವೇ ಅಲ್ಲ. ಸುಮ್ನೆ ಬಿಡಬೇಡಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಉತ್ತರ ಸರಿ ಅನಿಸದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.