ಬಾಲಮಂದಿರದಲ್ಲಿರುವ ಮಗುವಿಗೆ ಮಾನಸಿಕ ಚಿಕಿತ್ಸೆ: ಒಂದು ಪ್ರತಿಕ್ರಿಯೆ

ಮಾನ್ಯರೇ, ಕೇರಳದ ಮಂಜೇಶ್ವರ ಕಡೆಯ ನಿಮ್ಮ ತಂಗಿಯ ಮಗ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬಾಲಮಂದಿರದಲ್ಲಿದ್ದಾನೆ, ರಾತ್ರಿ ಬೆಚ್ಚಿ ಏಳುತ್ತಾನೆ, ಮಲಯಾಳವಷ್ಟೇ ಬಲ್ಲ ಆಪ್ತಸಮಾಲೋಚಕರ ಮುಂದೆ ಬಾಯಿ ಬಿಡುವುದಿಲ್ಲ, ಯಾರನ್ನು ಕೇಳಬೇಕು ಎಂದು ವಿಚಾರಿಸಿದ್ದೀರಿ.

ಕೇಳಬೇಕಾದುದು ಆ ಸಮಿತಿಯನ್ನೇ. 2015ರ ಬಾಲನ್ಯಾಯ ಕಾಯ್ದೆಯ ವ್ಯವಸ್ಥೆಯಲ್ಲಿ ಇಂಥ ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆಯೊಂದು ಇರಬೇಕು, ಮತ್ತು ಮಗುವಿನ ಮಾನಸಿಕ ಅಗತ್ಯಗಳು ಅದರ ಭಾಗವೇ ಆಗಿರುವುದರಿಂದ, ಮನೋವೈದ್ಯರ ತಪಾಸಣೆಯನ್ನೂ ಕನ್ನಡ ಬಲ್ಲ ಸಮಾಲೋಚಕರನ್ನೂ ಆ ಯೋಜನೆಯಲ್ಲಿ ಸೇರಿಸುವಂತೆ ಲಿಖಿತವಾಗಿ ಕೋರಿ, ಒಂದು ಪ್ರತಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ವಿನಂತಿ, ನನ್ನ ಅಭಿಪ್ರಾಯದಲ್ಲಿ, ಅಲ್ಲಿಗೇ ಮರೆತುಹೋಗುತ್ತದೆ. ಅರ್ಜಿಯಲ್ಲಿ ಖಿನ್ನತೆ ಎಂದು ನೀವೇ ಹೆಸರಿಡದೆ, ನಿದ್ರೆ, ಊಟ, ಹಾಸಿಗೆ ಒದ್ದೆಯಾಗುವುದು, ಶಾಲೆಯಲ್ಲಿನ ವರ್ತನೆ ಇವುಗಳಲ್ಲಿ ನೀವು ಕಂಡ ಬದಲಾವಣೆಯನ್ನಷ್ಟೇ ದಿನಾಂಕಸಹಿತ ಬರೆಯಿರಿ. ವೈದ್ಯರಿಗೆ ಬೇಕಾಗುವುದು ಅದೇ.

ಜಿಲ್ಲೆಯಲ್ಲಿ ಕನ್ನಡ ಬಲ್ಲವರು ಸಿಗದಿದ್ದರೆ ವಿಡಿಯೊ ಮೂಲಕ ಸಮಾಲೋಚನೆಗೆ ಅನುಮತಿ ಕೇಳಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ (14416) ಕನ್ನಡದಲ್ಲೂ ಮಾತನಾಡುತ್ತದೆಯಾದರೂ ಅದು ನಿರಂತರ ಚಿಕಿತ್ಸೆಗೆ ಬದಲಿಯಲ್ಲ. ಮಗುವಿಗೆ ತಕ್ಷಣದ ಅಪಾಯವಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಆಸ್ಪತ್ರೆಗೆ ದಾಖಲಿಸುವ ಮಾತು ಬಂದರೆ ಹೆದರಬೇಡಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಪ್ರಾಪ್ತರ ದಾಖಲಾತಿ ಅಸಾಧಾರಣ ಸಂದರ್ಭಗಳಿಗೆ ಮಾತ್ರ ಸೀಮಿತವಾಗಿದ್ದು, ಅವರನ್ನು ವಯಸ್ಕರಿಂದ ಪ್ರತ್ಯೇಕವಾಗಿಯೇ ಇರಿಸಬೇಕಾಗುತ್ತದೆ.